ಹೆಣ್ಣಿನ ಕಡೆಯ ಹಾಡು

ಪಕ್ಕದ ದ್ವೀಪದ ಡುಮಗೆಟೆಯಲ್ಲಿ ಕಾಯಿಲೆ ಬಿದ್ದಿದ್ದ ಅಕ್ಕನ ಆರೈಕೆ ಮುಗಿಸಿಕೊಂಡು ಫೌಸ್ತಾ ಊರಿಗೆ ಬಂದಿಳಿದಾಗ ಮೊದಲು ಕಣ್ಣಿಗೆ ಬಿದ್ದದ್ದು ಗಂಡನ ಮುಖ. ಬ್ಯಾಸ್ಕೆಟ್‌ಬಾಲ್ ಅಂಕಣದ ಬೇಲಿಗೆ ಕಟ್ಟಿದ್ದ ಫ್ಲೆಕ್ಸಿನಲ್ಲಿ ಎಲ್ಪಿಡಿಯೊ ಗಿಟಾರು ಅಪ್ಪಿಕೊಂಡು ನಗುತ್ತಿದ್ದ. ಪಕ್ಕದಲ್ಲಿ ಅವನ ಎರಡರಷ್ಟು ದೊಡ್ಡದಾಗಿ ಮೇಯರ್ ನಗುತ್ತಿದ್ದರು. ಕೆಳಗೆ ಕೆಂಪು ಅಕ್ಷರಗಳಲ್ಲಿ, ‘ದೇಶದ ಗೌರವಕ್ಕೆ ಪಾತ್ರರಾದ ಬಾಲಿಟಾವ್ ಹಾಡಿನ ಪಿತಾಮಹನಿಗೆ ಅಭಿನಂದನೆ’ ಎಂದು ಬರೆದಿತ್ತು.

ಫೌಸ್ತಾಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು. ‘ಒಳ್ಳೆ ಸುದ್ದಿ ಇದೆ, ಬಾ, ಮನೇಲೇ ಹೇಳ್ತೀವಿ’ ಎಂದು ಮಗಳು ಫೋನಿನಲ್ಲಿ ಹೇಳುತ್ತಿದ್ದದ್ದು ಇದನ್ನೇ ಎಂದುಕೊಂಡಳು. ಚೀಲವನ್ನು ಟ್ರೈಸಿಕಲ್ಲಿನಲ್ಲಿಟ್ಟು, ‘ಒಂದ್ನಿಮಿಷ ಇರಪ್ಪ’ ಎಂದು ಚಾಲಕನಿಗೆ ಹೇಳಿ ಬೇಲಿಯ ಉದ್ದಕ್ಕೂ ನಡೆದಳು. ಒಂದು ಗೊಬ್ಬರದ ಜಾಹೀರಾತು, ಚರ್ಚಿನ ಬಿಂಗೊ ಆಟದ ಪ್ರಕಟಣೆ, ಯಾರದೋ ಮಗ ನಾವಿಕರ ಪರೀಕ್ಷೆ ಪಾಸಾದದ್ದು. ಅಲ್ಲಿಗೆ ಬೇಲಿ ಮುಗಿಯಿತು.

“ಏನ್ ಹುಡುಕ್ತಿದ್ದೀರಿ ನಾಂಗ್?” ಎಂದು ಚಾಲಕ ಕೂಗಿ ಕೇಳಿದ. ನಮ್ಮ ಕಡೆ ಹಿರಿಯ ಹೆಂಗಸರನ್ನೆಲ್ಲ ನಾಂಗ್, ಹಿರಿಯ ಗಂಡಸರನ್ನೆಲ್ಲ ನೊಂಗ್ ಎನ್ನುತ್ತಾರೆ.

“ನಂದು ಎಲ್ಲಿ ಕಟ್ಟಿದ್ದಾರೆ?”

ಅವನು ತಲೆ ಕೆರೆದುಕೊಂಡ. “ನಿಮ್ದು... ಮೇಯರ್ ಮುಖಕ್ಕೇ ಬಟ್ಟೆ ಸಾಲ್ಲಿಲ್ಲ ಅನ್ಸುತ್ತೆ ನಾಂಗ್.”

ಬಾಲಿಟಾವ್ ಒಬ್ಬರು ಹಾಡುವ ಹಾಡಲ್ಲ. ಗಂಡು ಗಿಟಾರು ಮೀಟಿ ಒಂದು ಪದ್ಯ ಕಟ್ಟಿ ಹೆಣ್ಣನ್ನು ಕೆಣಕುತ್ತಾನೆ, ಹೆಣ್ಣು ನಿಂತಲ್ಲೇ ಉತ್ತರ ಕಟ್ಟಿ ಅವನ ಬಾಯಿ ಮುಚ್ಚಿಸುತ್ತಾಳೆ, ಅವನು ಮತ್ತೆ ಬಾಯಿ ತೆರೆಯುತ್ತಾನೆ. ಮುಂಚೆ ಬರೆದಿಟ್ಟುಕೊಳ್ಳುವ ಹಾಗಿಲ್ಲ. ಸೆಬು ದ್ವೀಪದ ದಕ್ಷಿಣ ಕರಾವಳಿಯಲ್ಲಿ ಮದುವೆಯಿರಲಿ, ಸಾವಿನ ಮನೆಯ ಜಾಗರಣೆಯಿರಲಿ, ಈ ಗಂಡ ಹೆಂಡತಿಯನ್ನು ಕರೆಸದೆ ಇದ್ದವರು ಕಡಿಮೆ. ಎಲ್ಪಿಡಿಯೊನ ಕಂಠ ಚೆನ್ನಾಗಿತ್ತು, ಕೈ ಚೆನ್ನಾಗಿತ್ತು. ಆದರೆ ಜನ ಕುರ್ಚಿ ಮುಂದಕ್ಕೆ ಎಳೆದುಕೊಳ್ಳುತ್ತಿದ್ದದ್ದು ಫೌಸ್ತಾ ಬಾಯಿ ತೆರೆದಾಗ. ಅವಳು ಅಂದ ಮಾತು ಮಾರನೆಯ ದಿನ ಮೀನು ಮಾರುವವರ ಬಾಯಲ್ಲಿರುತ್ತಿತ್ತು. ಕುಡಿದು ಬಂದ ಗಂಡನಿಗೆ, ಕೂಲಿ ಕೊಡದ ಧಣಿಗೆ ಹೆಂಗಸರು ಅದನ್ನೇ ತಿರುಗಿಸಿ ಬಿಡುತ್ತಿದ್ದರು.

ಮನೆಯಲ್ಲಿ ಮಗಳು ಜೋವಿತಾ ದೊಡ್ಡ ಹಂಡೆಯಲ್ಲಿ ಪುಸೊ ಬೇಯಿಸುತ್ತಿದ್ದಳು. ತೆಂಗಿನ ಗರಿಯಲ್ಲಿ ಹೆಣೆದ ಪುಟ್ಟ ಗೂಡುಗಳೊಳಗೆ ಅಕ್ಕಿ ತುಂಬಿ ಬೇಯಿಸಿ ಹೆದ್ದಾರಿ ಪಕ್ಕದಲ್ಲಿ ಮಾರುವುದೇ ಈ ಮನೆಯ ಅನ್ನದ ದಾರಿ. ಜೋವಿತಾಳ ಗಂಡ ತೀರಿಕೊಂಡ ಮೇಲೆ ಅವಳೂ ಅವಳ ಮಗಳು ಜೊನಾಲಿನ್ನೂ ಇಲ್ಲೇ ಇದ್ದರು. ಜೊನಾಲಿನ್ ಟೀಚರ್ ಆಗಲು ಓದುತ್ತಿದ್ದಳು.

ಎಲ್ಪಿಡಿಯೊ ಎದ್ದು ಬಂದು ಚೀಲ ಇಸಿದುಕೊಂಡ. “ಬಂದ್ಯಾ ದಾಯ್! ಫ್ಲೆಕ್ಸು ನೋಡಿದ್ಯಾ?” ಮದುವೆಗೆ ಮುಂಚಿನಿಂದ ಅವನು ಅವಳನ್ನು ಕರೆಯುತ್ತಿದ್ದದ್ದು ದಾಯ್ ಎಂದೇ, ಹುಡುಗಿಯನ್ನು ಕರೆದ ಹಾಗೆ.

“ನೋಡ್ದೆ. ಮೇಯರ್‌ಗೆ ಯಾವಾಗಿಂದ ಹಾಡು ಬಂತು?”

ಅವನು ಹೊಟ್ಟೆ ಹಿಡಿದು ನಕ್ಕ. ಆಮೇಲೆ ಸ್ವಲ್ಪ ತಗ್ಗಿದ ದನಿಯಲ್ಲಿ, “ಒಬ್ಬರಿಗೇ ಕೊಡೋದಂತೆ ದಾಯ್. ಜೋಡಿಗೆ ಅಂತ ಇಲ್ವಂತೆ. ಮನಿಲಾದ ನಿಯಮ. ಸಮಿತಿಯೋರು ಮನೆಗೇ ಬಂದು ಹೇಳಿದ್ರು” ಎಂದ.

“ನಾನಿಲ್ದಿರೋವಾಗ್ಲೇ ಬರಬೇಕಿತ್ತಾ ಅವರು?”

“ಮನಿಲಾದೋರು ನಿನ್ನ ಕೇಳ್ಕೊಂಡು ಬಸ್ ಹತ್ತತಾರಾ?”

ಊಟಕ್ಕೆ ನುಗ್ಗೆಸೊಪ್ಪಿನ ಸಾರು, ಹುರಿದ ಒಣಮೀನು, ಜೋಳದ ನುಚ್ಚಿನ ಅನ್ನ ಇತ್ತು. ಫೌಸ್ತಾ ಮೀನಿನ ತಲೆ ಮುರಿದಳು. “ಹೋಗ್ಲಿ ಬಿಡು. ಪದಕ ನಿನ್ನ ಕೊರಳಿಗೆ ಹಾಕಿದ್ರೂ ಮೊಳೆಗೆ ನೇತುಹಾಕೋದು ಇದೇ ಮನೇಲಿ ತಾನೆ” ಎಂದಳು.

“ಅದೇ ಮತ್ತೆ! ನಿನ್ನ ಬುದ್ಧಿಗೇ ನಾನು ಮದುವೆಯಾದದ್ದು” ಎಂದ ಎಲ್ಪಿಡಿಯೊ. ಜೋವಿತಾ ತಟ್ಟೆಯಿಂದ ತಲೆ ಎತ್ತಲಿಲ್ಲ.

ಮಾರನೆಯ ದಿನದಿಂದ ಮನೆಗೆ ಬರುವವರು ಹೆಚ್ಚಾದರು. ಪಾದ್ರಿಗಳು ಬಂದರು, ಶಾಲೆಯ ಹೆಡ್‌ಮಾಸ್ಟರು ಬಂದರು, ಹತ್ತು ವರ್ಷದಿಂದ ಮಾತು ಬಿಟ್ಟಿದ್ದ ದಾಯಾದಿ ಒಂದು ಕೊಡ ತೆಂಗಿನ ಹೆಂಡ ಹೊತ್ತುಕೊಂಡು ಬಂದ. ಫೌಸ್ತಾ ಎಲ್ಲರಿಗೂ ಕಾಫಿ ಕೊಟ್ಟಳು. ಗಂಡನ ಕಸೂತಿ ಅಂಗಿಯನ್ನು ಗಂಜಿ ಹಾಕಿ ಒಣಗಿಸಿದಳು. ಮನಿಲಾದ ವೇದಿಕೆಯಲ್ಲಿ ಹಾಡಬೇಕಾಗುತ್ತದೆ ಎಂದು ಕೇಳಿ ಪೆಟ್ಟಿಗೆಯ ತಳದಿಂದ ತನ್ನ ಹಳೆಯ ಲಂಗವನ್ನೂ ತೆಗೆದು ಬಿಸಿಲಿಗೆ ಹಾಕಿದಳು. ಸೊಂಟ ಬಿಗಿಯಾಗಿತ್ತು. ಒಂದು ಮಧ್ಯಾಹ್ನ ಕೂತು ಹೊಲಿಗೆ ಬಿಚ್ಚಿ ಸಡಿಲ ಮಾಡಿಕೊಂಡಳು.

ಮುಂದಿನ ಸೋಮವಾರ ಪುರಸಭೆಯ ಪ್ರವಾಸೋದ್ಯಮ ಅಧಿಕಾರಿ ಎಡ್ಸೆಲ್ ಒಂದು ಹುಡುಗಿಯನ್ನು ಕರೆದುಕೊಂಡು ಬಂದ. ಶೈನಾ ಅಂತ, ನಗರದಲ್ಲಿ ಸಂಗೀತ ಓದಿದವಳು, ಒಳ್ಳೆಯ ಹುಡುಗಿ. ಬಂದವಳೇ ಫೌಸ್ತಾಳ ಕೈ ಹಿಡಿದು ಹಣೆಗೆ ಒತ್ತಿಕೊಂಡಳು.

“ಮನಿಲಾ ಕಾರ್ಯಕ್ರಮಕ್ಕೆ ಹೆಣ್ಣಿನ ಭಾಗ ಇವಳು ಹಾಡ್ತಾಳೆ ನಾಂಗ್” ಎಂದ ಎಡ್ಸೆಲ್. “ಟಿವಿ ದೀಪ, ವಿಮಾನ ಪ್ರಯಾಣ, ನಿಮಗೆ ಈ ವಯಸ್ಸಲ್ಲಿ ಯಾಕೆ ತೊಂದರೆ ಅಂತ...”

“ನಮ್ಮ ಯಜಮಾನ್ರು ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡೋರು. ಅವರಿಗೆ ವಿಮಾನ ಆಗುತ್ತಾ?”

ಎಡ್ಸೆಲ್ ಎಲ್ಪಿಡಿಯೊನ ಮುಖ ನೋಡಿದ. ಎಲ್ಪಿಡಿಯೊ ಗಿಟಾರಿನ ಕಿವಿ ತಿರುವತೊಡಗಿದ.

ಪಾಠ ಅಂಗಳದ ಕಾಯ್ಮಿತೊ ಮರದ ಕೆಳಗೆ ಶುರುವಾಯಿತು. ಫೌಸ್ತಾ ಅಡಿಗೆಮನೆಯ ಬಾಗಿಲಲ್ಲಿ ಕೂತು ಗರಿ ಹೆಣೆಯುತ್ತ ಕೇಳಿಸಿಕೊಳ್ಳುತ್ತಿದ್ದಳು. ಬಾಲಿಟಾವನ್ನು ಪಾಠ ಮಾಡಿ ಕಲಿಸುವುದೆಂದರೆ ಏನು ಎಂದು ಅವಳಿಗೆ ಅರ್ಥವಾಗಲಿಲ್ಲ. ನೋಡೋಣ ಎಂದು ಕೂತಳು. ಎಲ್ಪಿಡಿಯೊ ತನ್ನ ಪದ್ಯ ಹಾಡಿದ.

‘ಒಂದೇ ದೋಣಿ ನನ್ನೆದೆ ಹೆಣ್ಣೆ, ಒಂದೇ ಅದಕೆ ಹಗ್ಗ,
ಎಲ್ಲೇ ಸುತ್ತಿ ಬಂದರು ಕಟ್ಟೋದು ನಿನ್ನ ಮನೆ ಗೂಟಕ್ಕ.’

ಶೈನಾ ಸೊಂಟಕ್ಕೆ ಕೈಯಿಟ್ಟು ಇಂಪಾಗಿ ಉತ್ತರ ಹಾಡಿದಳು.

‘ದೋಣಿ ಒಂದೇ ದಿಟವೋ ಗೆಣೆಯ, ಹಗ್ಗದ ಮಾತು ಸುಡು,
ಅಂಟಿದೆಯಲ್ಲ ಯಾವಳ ದಡದ ಮರಳು, ಕೊಡವಿಬಿಡು.’

ಫೌಸ್ತಾಳ ಕೈಯಲ್ಲಿದ್ದ ಗರಿ ನಿಂತಿತು.

ಆ ಮಾತು ಅವಳದು. ಜೋವಿತಾ ಹೊಟ್ಟೆಯಲ್ಲಿದ್ದ ವರ್ಷ ಎಲ್ಪಿಡಿಯೊ ಕಾರ್ಕಾರ್ ಸಂತೆಯಲ್ಲಿ ಬಟ್ಟೆ ಮಾರುವವಳೊಬ್ಬಳ ಮನೆಯಲ್ಲಿ ಉಳಿದುಬಿಡುತ್ತಿದ್ದ. ಊರಿಗೆಲ್ಲ ಗೊತ್ತಿತ್ತು, ಫೌಸ್ತಾ ಬಾಯಿಬಿಟ್ಟು ಏನೂ ಕೇಳಿರಲಿಲ್ಲ. ಒಂದು ಮದುವೆಯ ಚಪ್ಪರದಲ್ಲಿ ಅವನು ಎದೆ ಮುಟ್ಟಿಕೊಂಡು ಈ ದೋಣಿಯ ಪದ್ಯ ಹಾಡಿದಾಗ ಅವಳು ಆ ಉತ್ತರ ಕೊಟ್ಟಳು. ಹೆಂಗಸರ ಕಡೆಯಿಂದ ಎದ್ದ ಕೇಕೆಗೆ ಕೋಳಿಗಳು ಹಾರಿಹೋದವು. ಎಲ್ಪಿಡಿಯೊಗೆ ಮುಂದಿನ ಪದ್ಯ ಬಾಯಿಗೆ ಬರಲಿಲ್ಲ. ಅವನು ಸೋತ ಹಾಡು ಅದೊಂದೇ. ಆ ಮೇಲೆ ಅವನು ಕಾರ್ಕಾರ್ ಕಡೆ ತಲೆಹಾಕಲಿಲ್ಲ.

ಹಾಡು ಮುಗಿಸಿದ ಶೈನಾ ಕುಣಿಯುವಂತೆ ಅಡಿಗೆಮನೆಗೆ ಬಂದಳು. “ನಾಂಗ್, ಈ ಮರಳಿನ ಸಾಲು ಎಷ್ಟು ಚೆನ್ನಾಗಿದೆ ಅಲ್ವಾ? ಗಂಡಸಾಗಿ ಹೆಂಗಸಿನ ಹೊಟ್ಟೆ ಉರಿ ಹೆಂಗೆ ಬರೆದ್ರು ಅಂತ ನಂಗೆ ಆಶ್ಚರ್ಯ!”

“ಯಾರು ಬರೆದದ್ದು?”

“ನೊಂಗ್ ಪಿಡಿಯೊನೇ, ನಿಮ್ಮ ಯಜಮಾನ್ರೇ. ಎರಡೂ ಕಡೆ ಪದ್ಯ ತಾನೇ ಕಟ್ಟಿದ್ದು, ನಿಮಗೂ ತಾನೇ ಕಲಿಸಿದ್ದು ಅಂತ ಸಮಿತಿಯೋರ ಮುಂದೆ ಹೇಳಿದ್ರಂತಲ್ಲ. ಅದನ್ನ ಕೇಳೇ ಅಂತೆ ಅವರು ಮರುಮಾತಿಲ್ದೆ ಒಪ್ಪಿದ್ದು. ನೀವು ಅದೃಷ್ಟವಂತರು ನಾಂಗ್, ಇಷ್ಟು ಅರ್ಥ ಮಾಡ್ಕೊಳ್ಳೋ ಗಂಡ ಯಾರಿಗೆ ಸಿಗ್ತಾನೆ!”

ಫೌಸ್ತಾ ಗರಿ ಪಕ್ಕಕ್ಕಿಟ್ಟು ಎದ್ದಳು. “ಬಿಸಿ ಪುಸೊ ಇದೆ, ತಿನ್ಕೊಂಡು ಹೋಗಮ್ಮ” ಎಂದಳು.

ಅವರು ಹೋದ ಮೇಲೆ ಎಲ್ಪಿಡಿಯೊ ಒಳಗೆ ಬರದೆ ಅಂಗಳದಲ್ಲೇ ಕೂತಿದ್ದ. ಫೌಸ್ತಾ ತಾನೇ ಹೊರಗೆ ಹೋದಳು.

“ಮರಳಿನ ಸಾಲು ನಿಂದಾ?”

“ದಾಯ್, ಕೇಳು. ಅವರು ಕೇಳಿದ್ದು ಹಂಗಿತ್ತು. ಸೃಷ್ಟಿಕರ್ತ ಯಾರು, ಒಬ್ಬರ ಹೆಸರು ಹೇಳಿ ಅಂದ್ರು. ಇಬ್ಬರು ಅಂದಿದ್ರೆ ಅರ್ಜಿ ಬಿದ್ದೋಗ್ತಿತ್ತು.”

“ಒಬ್ಬರು ಅಂತ ಹೇಳೋದು ಬೇರೆ. ನನಗೆ ಕಲಿಸಿದೆ ಅಂತ ಹೇಳೋದು ಬೇರೆ.”

“ನೋಡು, ನ್ಯಾಯವಾಗಿ ಯೋಚ್ನೆ ಮಾಡು. ನಾನು ಕೇಳ್ದೆ ಇದ್ರೆ ನಿನ್ನ ಉತ್ತರ ಎಲ್ಲಿಂದ ಬರ್ತಿತ್ತು? ಪ್ರಶ್ನೆ ನಂದಲ್ವಾ? ಉತ್ತರಕ್ಕೆ ಬೀಜ ಹಾಕಿದ್ದು ನಾನೇ ಅಲ್ವಾ?”

“ಬೀಜ ನಿಂದು ಅಂತ ಹೆರಿಗೆ ನೋವೂ ನಿಂದೇನೋ?”

ಅವನಿಗೆ ನಗು ಬಂದುಬಿಟ್ಟಿತು. ತಡೆಯಲಾಗದೆ ತೊಡೆ ತಟ್ಟಿಕೊಂಡ. “ಆಹಾ! ಇದನ್ನ ಹಾಡಿಗೆ ಹಾಕಬೇಕು ಕಣೆ.”

“ಹಾಕು, ಹಾಕು. ನೀನೇ ಕಟ್ಟಿದ್ದು ಅಂತ ಹೇಳು” ಎಂದು ಫೌಸ್ತಾ ಒಳಗೆ ಹೋದಳು. ಅವನ ನಗು ನಿಂತದ್ದು ಅವಳಿಗೆ ಬೆನ್ನಿಗೇ ಕೇಳಿಸಿತು.

ಅಂದು ಸಂಜೆ ಹೆದ್ದಾರಿಯ ಅಂಗಡಿಯಲ್ಲಿ ಜೋವಿತಾ ಹಂದಿಮಾಂಸದ ಕಡ್ಡಿಗಳನ್ನು ಕೆಂಡದ ಮೇಲೆ ತಿರುವುತ್ತಿದ್ದಳು. ಫೌಸ್ತಾ ಪುಸೊ ಗೊಂಚಲುಗಳನ್ನು ನೇತುಹಾಕಿ ಪಕ್ಕದಲ್ಲಿ ನಿಂತಳು.

“ಸಮಿತಿಯೋರು ಬಂದಾಗ ನೀನೆಲ್ಲಿದ್ದೆ?”

“ಮನೇಲೇ.”

“ಎಲ್ಲಿ?”

“ಕಾಫಿ ಕೊಡ್ತಿದ್ದೆ.”

“ಹಂಗಾದ್ರೆ ಕೇಳಿಸ್ಕೊಂಡೆ.”

ಜೋವಿತಾ ಬೀಸಣಿಗೆಯಿಂದ ಕೆಂಡ ಬೀಸಿದಳು. ಹೊಗೆ ಇಬ್ಬರ ಮುಖಕ್ಕೂ ಬಂತು.

“ಕೇಳಿಸ್ಕೊಂಡೆ ಅಮ್ಮ. ಆ ಮೇಡಂ ನನ್ನ ಮುಖ ನೋಡಿ, ‘ಹೌದಾ?’ ಅಂತ ಕೇಳಿದ್ರು. ಹೌದು ಅಂದೆ.”

“ಏನಂದೆ?”

“ಹೌದು ಅಂದೆ! ಏನ್ ಮಾಡ್ಲಿ? ಅಪ್ಪ ಬದುಕಿರೋವರೆಗೂ ತಿಂಗಳು ತಿಂಗಳು ದುಡ್ಡು ಬರುತ್ತಂತೆ. ಆಸ್ಪತ್ರೆ ಖರ್ಚು ಸರ್ಕಾರದ್ದಂತೆ. ಹುಡುಗಿ ಕಾಲೇಜು ಬಿಡೋ ಹಂಗಾಗಿತ್ತು, ನಿಂಗೆ ಹೇಳಿರಲಿಲ್ಲ. ಬಿರುಗಾಳಿಗೆ ಹೋದ ತಗಡು ಇನ್ನೂ ಹಾಕ್ಸಿಲ್ಲ. ನೀನು ಯಾವಾಗ್ಲಾದ್ರೂ ಹೆಸರು ಬೇಕು ಅಂತ ಕೇಳಿದ್ದುಂಟಾ?”

“ಯಾರೂ ಕದೀದೆ ಇರೋವಾಗ ಯಾಕೆ ಕೇಳ್ಲಿ?”

“ಹೊರಗಿನೋರು ಕದ್ರಾ? ಅಪ್ಪ ತಾನೆ?”

“ಹೊರಗಿನೋನು ಕದ್ದಿದ್ರೆ ಪೊಲೀಸರ ಹತ್ರ ಹೋಗ್ತಿದ್ದೆ” ಎಂದಳು ಫೌಸ್ತಾ. ಅಷ್ಟರಲ್ಲಿ ಬಸ್ಸು ನಿಂತಿತು. ಗಿರಾಕಿಗಳು ಮುತ್ತಿದರು. ತಾಯಿ ಮಗಳು ಚಿಲ್ಲರೆ ಕೊಡುತ್ತ, ಕಡ್ಡಿ ಸುತ್ತಿಕೊಡುತ್ತ ಸಂಜೆಯೆಲ್ಲ ಒಬ್ಬರ ಮುಖ ಒಬ್ಬರು ನೋಡದೆ ಕೆಲಸ ಮಾಡಿದರು.

ಜೊನಾಲಿನ್‌ಗೆ ವಿಷಯ ಗೊತ್ತಾದದ್ದು ಶನಿವಾರ, ಕಾಲೇಜಿನಿಂದ ಬಂದಾಗ. ಅವಳು ತಾತನ ಮೇಲೆ ಉರಿದುಬಿದ್ದಳು.

“ಲೋಲೊ, ನಾಚಿಕೆ ಆಗ್ಲಿಲ್ವಾ ನಿಂಗೆ? ಲೋಲಾ ಹಾಡಿದ್ದನ್ನ ಊರೇ ಕೇಳಿದೆ!”

“ಊರು ಅರ್ಜಿ ತುಂಬಲ್ಲ ಮಗು” ಎಂದ ತಾತ.

“ನಾನು ಸಮಿತಿಗೆ ಬರೀತೀನಿ. ಫೇಸ್‌ಬುಕ್‌ಗೂ ಹಾಕ್ತೀನಿ. ನೋಡ್ತಿರು.”

ಜೋವಿತಾ ಮಗಳ ರಟ್ಟೆ ಹಿಡಿದು ಒಳಗೆ ಎಳೆದುಕೊಂಡು ಹೋದಳು. ಒಳಗೆ ಪಿಸುಮಾತು ಬಹಳ ಹೊತ್ತು ನಡೆಯಿತು. ಹೊರಗೆ ಫೌಸ್ತಾ ಬಟ್ಟೆ ಒಗೆಯುತ್ತಿದ್ದಳು. ಅವಳು ಆ ವಾರದಲ್ಲಿ ಮೊದಲ ಸಲ ಸ್ವಲ್ಪ ಹಗುರವಾಗಿದ್ದಳು. ತನ್ನ ಕಡೆ ಒಬ್ಬಳಾದರೂ ಇದ್ದಾಳೆ ಎಂದುಕೊಂಡಳು.

ಭಾನುವಾರ ಪೂಜೆ ಮುಗಿಸಿ ಬರುವಾಗ ಜೊನಾಲಿನ್ ಅಜ್ಜಿಯ ತೋಳು ಹಿಡಿದುಕೊಂಡು ನಿಧಾನವಾಗಿ ನಡೆದಳು.

“ಲೋಲಾ, ಇನ್ನೊಂದು ವರ್ಷಕ್ಕೆ ನನ್ನ ಕೋರ್ಸ್ ಮುಗಿಯುತ್ತೆ. ಕೆಲಸ ಸಿಕ್ಕಿದ ತಕ್ಷಣ ಎಲ್ಲರಿಗೂ ಹೇಳ್ತೀನಿ. ಆಣೆ.”

ಫೌಸ್ತಾ ಅವಳ ಮುಖ ನೋಡಿದಳು. ಹುಡುಗಿಯ ಕಣ್ಣು ಕೆಂಪಾಗಿತ್ತು.

“ಆಯ್ತು ಮಗು.”

“ಕೋಪಾನಾ ಲೋಲಾ?”

“ಇಲ್ಲ. ಬಿಸಿಲು ಜಾಸ್ತಿ ಇದೆ, ಬೇಗ ನಡಿ.”

ಮಂಗಳವಾರ ಫೌಸ್ತಾ ಯಾರಿಗೂ ಹೇಳದೆ ಪುರಸಭೆಗೆ ಹೋದಳು. ಎಡ್ಸೆಲ್ ಎದ್ದು ಕುರ್ಚಿ ಕೊಟ್ಟ, ಫ್ಯಾನು ಅವಳ ಕಡೆ ತಿರುಗಿಸಿದ. ಅವಳು ಸುತ್ತಿ ಬಳಸದೆ ಹೇಳಿದಳು. “ಹೆಣ್ಣಿನ ಕಡೆ ಹಾಡು ನಂದು ಸರ್. ಒಂದೊಂದು ಸಾಲೂ ನಂದು.”

ಎಡ್ಸೆಲ್ ಬೆವರು ಒರೆಸಿಕೊಂಡ. ಅವನು ಈ ಊರಿನವನೇ, ಅವನ ತಂಗಿಯ ಮದುವೆಯಲ್ಲಿ ಇವರೇ ಹಾಡಿದ್ದರು.

“ನಂಗೊತ್ತಿಲ್ವಾ ನಾಂಗ್? ನಾನೇ ಕೇಳಿದ್ದೀನಲ್ಲ. ಆದ್ರೆ ಈಗ ಹೋಗಿ ಸುಳ್ಳು ಹೇಳಿದ್ವಿ ಅಂದ್ರೆ ನೊಂಗ್ ಪಿಡಿಯೊನ ಗೌರವನೂ ಹೋಗುತ್ತೆ, ನಿಮಗೂ ಸಿಗಲ್ಲ. ಬಾಲಿಟಾವ್‌ಗೆ ಸಿಕ್ಕಿರೋದು ಇದೇ ಮೊದಲು. ಊರಿನ ಹೆಸರು ನೋಡಿ.”

“ಊರಿನ ಹೆಸರಿಗೆ ನನ್ನ ಹೆಸರು ಅಡ್ಡ ಬರುತ್ತೆ ಅಂತೀರಾ?”

“ಹಂಗಲ್ಲ... ನಿಮಗೊಂದು ಪ್ರಮಾಣಪತ್ರ ಮಾಡ್ಸಿದ್ದೀನಿ. ‘ಕಲಾವಿದನ ಸ್ಫೂರ್ತಿಯಾದ ಧರ್ಮಪತ್ನಿ’ ಅಂತ. ಮನಿಲಾದಲ್ಲಿ ಎರಡನೇ ಸಾಲಿನಲ್ಲಿ ಕುರ್ಚಿಯೂ ಇದೆ.”

“ಕುರ್ಚಿ ನನ್ನ ಮನೇಲೂ ಇದೆ” ಎಂದು ಎದ್ದುಬಂದಳು.

ಮನಿಲಾಕ್ಕೆ ಎಲ್ಪಿಡಿಯೊ, ಜೋವಿತಾ, ಶೈನಾ, ಎಡ್ಸೆಲ್ ಹೋದರು. ಹೊರಡುವ ದಿನ ಎಲ್ಪಿಡಿಯೊ ಗಂಜಿ ಹಾಕಿದ ಅಂಗಿ ತೊಟ್ಟು ಬಾಗಿಲಲ್ಲಿ ನಿಂತು, “ದಾಯ್, ಇನ್ನೂ ಹೊತ್ತಿದೆ, ಬಾ” ಎಂದ. ಅವನು ಮನಸ್ಸಿಟ್ಟೇ ಕರೆದ. ಫೌಸ್ತಾ ಅವನ ಕಾಲರಿನ ಮಡಿಕೆ ಸರಿಮಾಡಿ, “ಗುಂಡಿ ಬಿಗಿಯಾಗಿ ಹಾಕ್ಕೋ, ಅಲ್ಲಿ ಎ.ಸಿ. ಜೋರಂತೆ” ಎಂದಳು.

ಸಮಾರಂಭ ಟಿವಿಯಲ್ಲಿ ಬಂತು. ಫೌಸ್ತಾ ನೋಡುವುದಿಲ್ಲ ಎಂದಿದ್ದಳು, ಪಕ್ಕದ ಮನೆಯ ಮೀನಿನ ಬಸಿಲಿಸಾ ಬಿಡಲಿಲ್ಲ. “ನಮ್ಮ ಹಾಡು ಅಲ್ಲಿ ಹೆಂಗೆ ಕೇಳುತ್ತೆ ನೋಡಾಣ ಬಾರೆ” ಎಂದು ಎಳೆದುಕೊಂಡು ಹೋದಳು. ಬೀದಿಯ ಹೆಂಗಸರೆಲ್ಲ ಅಲ್ಲಿ ನೆಲದ ಮೇಲೆ ಕೂತಿದ್ದರು.

ದೊಡ್ಡ ವೇದಿಕೆ, ಹಿಂದೆ ಬಣ್ಣದ ಪರದೆ. ಎಲ್ಪಿಡಿಯೊನ ಕೊರಳಿಗೆ ಪದಕ ಹಾಕಿದರು. ನಿರೂಪಕಿ, ‘ಹೆಣ್ಣಿನ ಅಂತರಂಗವನ್ನು ಬಲ್ಲ ಮಹಾಕವಿ’ ಎಂದಳು. “ಯಾರು, ಈ ಪಿಡಿಯೊನಾ?” ಎಂದು ಬಸಿಲಿಸಾ ಕೂಗಿದಳು. ಕೆಲವರು ನಕ್ಕರು, ಕೆಲವರು ಫೌಸ್ತಾಳ ಕಡೆ ತಿರುಗಿ ನೋಡಿದರು.

ಹಾಡು ಶುರುವಾಯಿತು. ದೋಣಿ ಬಂತು, ಹಗ್ಗ ಬಂತು, ಮರಳು ಬಂತು. ಮನಿಲಾದ ಸಭೆ ಚಪ್ಪಾಳೆ ತಟ್ಟಿತು. ಹಾಡು ಅಲ್ಲಿಗೆ ನಿಲ್ಲಬೇಕಿತ್ತು, ಅವತ್ತು ಚಪ್ಪರದಲ್ಲಿ ನಿಂತದ್ದು ಅಲ್ಲೇ. ಆದರೆ ಶೈನಾ ಸೆರಗಿನಂಥ ಶಾಲನ್ನು ಹಾರಿಸುತ್ತ ಒಂದು ಸುತ್ತು ತಿರುಗಿ ಎಲ್ಪಿಡಿಯೊನ ಭುಜಕ್ಕೆ ಒರಗಿ ಇನ್ನೊಂದು ಪದ್ಯ ಹಾಡಿದಳು.

‘ಕೊಡವಿದ ಮೇಲೆ ಕೋಪವು ಎಲ್ಲಿ, ಬಾರೋ ಗೆಣೆಯ ಬಾ,
ಗೂಟವು ನಿನ್ನದೆ, ಅಂಗಳ ನಿನ್ನದೆ, ಹಗ್ಗವ ಕಟ್ಟು ಬಾ.’

ಬಸಿಲಿಸಾಳ ಕೋಣೆಯಲ್ಲಿ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

“ಇದನ್ನ ನೀನು ಯಾವಾಗ ಹಾಡಿದ್ದೆ ಫೌಸ್ತಾ? ನಾನಿದ್ದೆನಲ್ಲ ಆ ಮದುವೇಲಿ” ಎಂದಳು ಬಸಿಲಿಸಾ.

“ಹಾಡಿಲ್ಲ.”

“ನನ್ನ ಗಂಡ ಆ ಬೋಳಿಮಗನಿಗೆ ನಾನು ಅದೇ ಮರಳಿನ ಮಾತು ಹೇಳಿ ಬಾಗಿಲು ಹಾಕ್ಕೊಂಡಿದ್ದೆ ಕಣೆ. ಈಗ ನೋಡಿದ್ರೆ ಬಾ ಬಾ ಅಂತವ್ಳೆ!”

ಫೌಸ್ತಾ ಎದ್ದು ಲಂಗ ಕೊಡವಿಕೊಂಡಳು. ಮನೆಗೆ ಹೋಗಿ ಕೋಳಿಗಳಿಗೆ ಕಾಳು ಹಾಕಿದಳು. ಜೊನಾಲಿನ್ ಹಿಂದೆಯೇ ಬಂದು ಅಳುತ್ತ ನಿಂತಾಗ, “ನೀರು ತುಂಬು ಹೋಗು” ಎಂದಳು ಅಷ್ಟೆ. ಫೌಸ್ತಾ ಕಾರ್ಕಾರ್‌ನ ಆ ವರ್ಷ ಗಂಡನನ್ನು ಕ್ಷಮಿಸಿರಲಿಲ್ಲ. ಸೇರಿಸಿಕೊಂಡಿದ್ದಳು. ಎರಡೂ ಬೇರೆ ಎಂಬುದು ಅವನಿಗೂ ಗೊತ್ತಿದೆ ಎಂದು ಇಷ್ಟು ವರ್ಷ ನಂಬಿದ್ದಳು.

ಎಲ್ಪಿಡಿಯೊ ಮರಳಿದ ದಿನ ಮನೆಯವರಿಗೆಲ್ಲ ಬಿಸ್ಕತ್ತಿನ ಡಬ್ಬಗಳು ಬಂದವು, ಅವಳಿಗೆ ಒಂದು ರೇಷ್ಮೆ ಶಾಲು. ಅವಳು ಅದನ್ನು ಮಡಿಸಿ ಜೋವಿತಾಳ ಪೆಟ್ಟಿಗೆಯಲ್ಲಿಟ್ಟಳು. ಅಡಿಗೆ ಮೊದಲಿನಂತೆಯೇ ಮಾಡಿದಳು, ಬಡಿಸಿದಳು, ಅವನ ರಕ್ತದೊತ್ತಡದ ಮಾತ್ರೆ ತೆಗೆದಿಟ್ಟಳು. ಹಾಡಿನ ಮಾತು ಬಂದಾಗ ಮಾತ್ರ ಎದ್ದು ಹೋಗುತ್ತಿದ್ದಳು. ಮೊದಲು ಅವನು ಅಂಗಳದಲ್ಲಿ ಗಿಟಾರು ಮೀಟುತ್ತ ಯಾವುದೋ ಅರ್ಧ ಸಾಲು ಎಸೆದರೆ ಅವಳು ಅಡಿಗೆಮನೆಯಿಂದಲೇ ಇನ್ನರ್ಧ ಎಸೆಯುತ್ತಿದ್ದಳು. ಈಗ ಅವನು ಎಸೆದದ್ದು ಅಂಗಳದಲ್ಲೇ ಬಿದ್ದಿರುತ್ತಿತ್ತು.

“ಅಮ್ಮ, ಅಪ್ಪ ಸೊರಗ್ತಿದ್ದಾರೆ. ಒಂದೇ ಒಂದು ಸಾಲು ಹೇಳು” ಎಂದಳು ಜೋವಿತಾ.

“ಅವರಿಗೆ ಎರಡೂ ಕಡೆ ಬರುತ್ತಲ್ಲ. ನೀನೇ ಸಾಕ್ಷಿ.”

ಒಂದು ಭಾನುವಾರ ಬ್ಯಾಸ್ಕೆಟ್‌ಬಾಲ್ ಅಂಕಣದಲ್ಲಿ ಊರಿನ ಸನ್ಮಾನ ಇತ್ತು. ಹಂದಿ ಸುಟ್ಟಿದ್ದರು, ಊರೇ ನೆರೆದಿತ್ತು. ಫೌಸ್ತಾ ಹೋಗದೆ ಇದ್ದರೆ ಇನ್ನಷ್ಟು ಮಾತಾಗುತ್ತದೆಂದು ಹೋಗಿ ಹೆಂಗಸರ ನಡುವೆ ಕೂತಳು. ಮೇಯರ್ ತಮ್ಮ ಬಗ್ಗೆ ಬಹಳ ಹೊತ್ತು ಮಾತಾಡಿದ ಮೇಲೆ ಎಲ್ಪಿಡಿಯೊ ಮೈಕು ಹಿಡಿದ.

“ಒಂದು ಮಾತು ಹೇಳ್ಬೇಕು. ಈ ಪದಕದಲ್ಲಿ ನನ್ನ ಹೆಂಡತಿಯ ಸಹಾಯನೂ ಇದೆ. ತುಂಬಾ ಸಹಾಯ ಮಾಡಿದ್ದಾಳೆ.”

ಚಪ್ಪಾಳೆ ಬಿತ್ತು. ಜೋವಿತಾ ಕಣ್ಣೊರೆಸಿಕೊಂಡಳು, ಜೊನಾಲಿನ್ ಅಜ್ಜಿಯ ಕೈ ಅಮುಕಿದಳು. ಎಲ್ಲ ಸರಿಹೋಯಿತು ಎಂಬ ನಿರಾಳ ಅವರ ಮುಖದಲ್ಲಿತ್ತು. ಫೌಸ್ತಾ ಮನಸ್ಸಿನಲ್ಲೇ ಆ ಪದವನ್ನು ಇನ್ನೊಮ್ಮೆ ಹೇಳಿಕೊಂಡಳು. ಸಹಾಯ. ಗಂಜಿ ಹಾಕಿದ್ದಕ್ಕೂ ಅದೇ ಪದ, ಕಾಫಿ ಕೊಟ್ಟದ್ದಕ್ಕೂ ಅದೇ ಪದ.

ಎಲ್ಪಿಡಿಯೊ ಗಿಟಾರು ಎತ್ತಿಕೊಂಡ. ಅವಳನ್ನೇ ನೋಡುತ್ತ ಹಾಡಿದ.

‘ಹಣ್ಣು ಉದುರಿದ ಮರವು ನಾನು, ಹಕ್ಕಿಯು ಏಕೆ ಮೂಕ?
ಒಂದೇ ಒಂದು ದನಿಯ ಹಾಕೆ, ಬೈದರೂನೂ ಸಾಕ.’

ಹೊಸ ಪದ್ಯ. ಅವನದೇ, ಒಳ್ಳೆಯದೇ. ಜನರೆಲ್ಲ ಫೌಸ್ತಾಳ ಕಡೆ ತಿರುಗಿದರು. ಯಾರೋ ಮೈಕನ್ನು ಅವಳ ಕೈಗೆ ತಂದುಕೊಟ್ಟರು. “ಬಿಡಬೇಡ ಕಣೆ, ಕೊಡು!” ಎಂದು ಬಸಿಲಿಸಾ ಹಿಂದಿನಿಂದ ಕೂಗಿದಳು.

ಉತ್ತರ ಬಂದೇಬಿಟ್ಟಿತು. ಹುಡುಕಬೇಕಾಗಲಿಲ್ಲ, ಯಾವಾಗಲೂ ಬರುವ ಹಾಗೆ ಪ್ರಾಸದ ಸಮೇತ ಬಂದು ನಾಲಗೆಯ ತುದಿಯಲ್ಲಿ ನಿಂತಿತು. ಮರಳಿನ ಸಾಲಿಗಿಂತ ಒಂದು ತೂಕ ಹೆಚ್ಚೇ ಇತ್ತು. ಅವಳ ತುಟಿ ಅಲುಗಿತು. ಎಲ್ಪಿಡಿಯೊ ಒಂದು ಹೆಜ್ಜೆ ಮುಂದೆ ಬಂದ, ಅವನ ಮುಖದಲ್ಲಿ ಪದಕಕ್ಕೂ ಅರಳದಿದ್ದ ಆಸೆ ಅರಳಿತ್ತು. ಅದನ್ನು ನೋಡಿ ಅವಳಿಗೆ ಹೇಳಿಬಿಡಬೇಕೆನ್ನಿಸಿತು. ಹೇಳಿದರೆ ನಾಳೆ ಇದು ಶೈನಾಳ ಬಾಯಲ್ಲಿರುತ್ತದೆ, ನಾಡಿದ್ದು ಇದರ ಕೊನೆಗೂ ಒಂದು ‘ಬಾ’ ಸೇರಿರುತ್ತದೆ.

ಫೌಸ್ತಾ ಮೈಕನ್ನು ಪಕ್ಕದ ಕುರ್ಚಿಯ ಮೇಲಿಟ್ಟಳು. ಅದು ಗೊರ್ ಎಂದಿತು. ಅವಳು ಎದ್ದು ಹೆಂಗಸರ ಮಂಡಿ ದಾಟಿಕೊಂಡು ಮನೆಯ ದಾರಿ ಹಿಡಿದಳು. ಎಡ್ಸೆಲ್ ಅವಸರವಾಗಿ ಬ್ಯಾಂಡಿನವರಿಗೆ ಕೈಸನ್ನೆ ಮಾಡಿದ.

ಮರುದಿನ ಬೆಳಗ್ಗೆ ಅವಳು ಎಂದಿನಂತೆ ಬೆಳ್ಳುಳ್ಳಿ ಹಾಕಿ ಅನ್ನ ಹುರಿದು, ಮೊಟ್ಟೆ ಕರಿದು ಮೇಜಿನ ಮೇಲಿಟ್ಟಳು. ಎಲ್ಪಿಡಿಯೊ ಬಂದು ಕೂತ. ನಿದ್ದೆಗೆಟ್ಟ ಕಣ್ಣು. ತಟ್ಟೆ ಮುಟ್ಟಲಿಲ್ಲ.

“ದಾಯ್. ನಿನ್ನೆ ನಿಂಗೆ ಏನಾದ್ರೂ ಬಂದಿತ್ತಾ?”

“ಬಂದಿತ್ತು.”

“ನಂಗೊತ್ತು. ತುಟಿ ಅಲ್ಲಾಡಿದ್ದು ನೋಡ್ದೆ.” ಅವನು ಮುಂದಕ್ಕೆ ಬಾಗಿದ. “ನಾನೇ ಕಟ್ಟೋಣ ಅಂತ ಕೂತಿದ್ದೆ ದಾಯ್. ಮೂಕಕ್ಕೆ ಪ್ರಾಸ ಹಾಕಿ ಹಾಕಿ ನೋಡ್ದೆ. ಬರ್ಲಿಲ್ಲ. ಏನಂತ ಇತ್ತು? ಯಾರಿಗೂ ಹೇಳಲ್ಲ. ನಮ್ಮಿಬ್ಬರಲ್ಲೇ ಇರ್ಲಿ. ಹೇಳು.”

ಫೌಸ್ತಾ ಅವನ ತಟ್ಟೆಗೆ ಅನ್ನ ಹಾಕಿದಳು, ಮೊಟ್ಟೆ ಹಾಕಿದಳು, ಮಾತ್ರೆಯನ್ನು ಲೋಟದ ಪಕ್ಕದಲ್ಲಿಟ್ಟಳು.

“ಹೇಳೇ.”

“ಚೆನ್ನಾಗಿತ್ತು” ಎಂದಳು. “ತುಂಬಾ ಚೆನ್ನಾಗಿತ್ತು. ಆರೋಗುತ್ತೆ, ಉಣ್ಣು.”